ಡಬ್ಲಿನ್ ಫ್ಯೂಸಿಲಿಯರ್ಸ್: ಮೊದಲು ಬೆಟಾಲಿಯನ್ ಹುಡುಕಿ

ಮೊದಲ ಮಹಾಯುದ್ಧದಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಲ್ಲಿ ಕಾದಾಡಿತು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೆಜಿಮೆಂಟ್ ಎಂದರೆ ಹೆಸರು ಮತ್ತು ಟೋಪಿಯ ಬಿಲ್ಲೆ. ರಣರಂಗಕ್ಕೆ ಹೋದದ್ದು ಅದರೊಳಗಿನ ಪಡೆಗಳಾದ ಬೆಟಾಲಿಯನ್‌ಗಳು, ಅದೂ ದಿಕ್ಕಿಗೊಂದು.

ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಮದ್ರಾಸ್, ಬಾಂಬೆ ಯುರೋಪಿಯನ್ ಪಡೆಗಳ ಪೀಳಿಗೆಯನ್ನು 1881ರಲ್ಲಿ ಕೂಡಿಸಿ ಕಟ್ಟಿದ ರೆಜಿಮೆಂಟ್ ಇದು. ಹಾಗಾಗಿ ಈ ಐರಿಷ್ ಪಡೆಯ ಯುದ್ಧಗೌರವಗಳಲ್ಲಿ ನಮ್ಮ ನಂದಿದುರ್ಗವೂ ಶ್ರೀರಂಗಪಟ್ಟಣವೂ ಸೇರಿವೆ. 1914ರ ಆಗಸ್ಟ್‌ನಲ್ಲಿ ಇದರ 1ನೇ ಬೆಟಾಲಿಯನ್ ಮದ್ರಾಸಿನಲ್ಲೇ ಬೀಡುಬಿಟ್ಟಿತ್ತು.

ಒಬ್ಬ ಸೈನಿಕ ಯಾವ ಬೆಟಾಲಿಯನ್ನಿನವನು ಎಂದು ತಿಳಿಯುವುದು ಹೇಗೆ? ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಕೈಗೆ ಸಿಗುವುದು ಪದಕದ ಕಾರ್ಡ್, ಅಂದರೆ ಸೈನಿಕನಿಗೆ ಸಂದ ಪದಕಗಳನ್ನು ಬರೆದಿಟ್ಟ ಚೀಟಿ. ಅದರಲ್ಲಿ ಬೆಟಾಲಿಯನ್ ಇರದಿದ್ದರೂ, ಯುದ್ಧಭೂಮಿಗೆ ಕಾಲಿಟ್ಟ ದಿನಾಂಕ ನೋಡಿ. ಫ್ರಾನ್ಸ್, 1914ರ ಆಗಸ್ಟ್ ಎಂದಿದ್ದರೆ 2ನೇ ಬೆಟಾಲಿಯನ್. ಬಾಲ್ಕನ್, 25-4-15 ಎಂದಿದ್ದರೆ 1ನೇದು. ಅದೇ ವರ್ಷದ ಆಗಸ್ಟ್ 7 ಆದರೆ ಹೆಚ್ಚಾಗಿ 6 ಅಥವಾ 7, ಅಂದರೆ ಗಲಿಪೊಲಿಯ ಸುವ್ಲಾ ಕೊಲ್ಲಿಯಲ್ಲಿ ಇಳಿದವರು. ಫ್ರಾನ್ಸ್, 1915ರ ಡಿಸೆಂಬರ್ ಎಂದಿದ್ದರೆ 8, 9ರ ಕಡೆ ಹುಡುಕಿ. 1916ರಿಂದಾಚೆಗೆ ಹೋದವರಿಗೆ ಸ್ಟಾರ್ ಪದಕವಿಲ್ಲ (ಅದು 1914, 1915ರಲ್ಲಿ ಹೋದವರಿಗೆ ಮಾತ್ರ), ಹಾಗಾಗಿ ದಿನಾಂಕದ ಕಾಲಂ ಸಾಮಾನ್ಯವಾಗಿ ಖಾಲಿ.

25-4-15 ಎಂದರೆ ತುರ್ಕಿಯ ಗಲಿಪೊಲಿ ಪರ್ಯಾಯ ದ್ವೀಪದ ವಿ ಬೀಚ್. ಡಬ್ಲಿನ್ನರಲ್ಲಿ ಹೆಚ್ಚಿನವರು ಬಂದದ್ದು ತೆರೆದ ದೋಣಿಗಳಲ್ಲಿ: ಉಗಿದೋಣಿ ಎಳೆದು ತರುತ್ತದೆ, ದಡ ಹತ್ತಿರವಾದಾಗ ಹುಟ್ಟು ಹಾಕಬೇಕು. ತುರ್ಕರು ಆ ಗಳಿಗೆಗೇ ಕಾದಿದ್ದರು. ಒಬ್ಬೊಬ್ಬನ ಮೈಮೇಲೆ 200 ಗುಂಡು, ಮೂರು ದಿನದ ಬುತ್ತಿ. ಗಾಯಗೊಂಡು ನೀರಿಗೆ ಬಿದ್ದವನು ಮೇಲೇಳುವುದು ಕಷ್ಟ. ಹಡಗುಗಳ ತೋಪು ಮುಳ್ಳುತಂತಿಯನ್ನು ಕತ್ತರಿಸಿರಲಿಲ್ಲ. ಬೆಟಾಲಿಯನ್ನಿನ ಉಳಿದ ಒಂದು ತುಕಡಿ (ಕಂಪನಿ), ಇನ್ನೊಂದು ಐರಿಷ್ ರೆಜಿಮೆಂಟ್ ಮನ್‌ಸ್ಟರ್ ಫ್ಯೂಸಿಲಿಯರ್ಸ್ ಜತೆಗೆ, ರಿವರ್ ಕ್ಲೈಡ್ ಎಂಬ ಕಲ್ಲಿದ್ದಲು ಹಡಗಿನಲ್ಲಿತ್ತು. ಹಡಗಿನ ಪಕ್ಕೆಯಲ್ಲಿ ಬಾಗಿಲು ಕೊರೆದಿದ್ದರು. ಅಲ್ಲಿಂದ ದಡಕ್ಕೆ ಸೇತುವೆಯಾಗಬೇಕಿದ್ದ ಉಗಿದೋಣಿ ದಿಕ್ಕು ತಪ್ಪಿ ಅಡ್ಡಲಾಯಿತು. ಹಡಗಿನ ನಾಯಕ ಕಮಾಂಡರ್ ಅನ್‌ವಿನ್ ನೀರಿಗಿಳಿದು ಸರಕು ದೋಣಿಗಳನ್ನು ಹಗ್ಗದಿಂದ ಹಿಡಿದು ನಿಂತರು. ಯೋಜನೆ ಕೆಟ್ಟದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ: ಎಲ್ಲ ಭಾರವೂ ಒಂದು ತೇಲುಸೇತುವೆಯ ಮೇಲೆ, ಅದೂ ಗುಂಡಿನ ಮಳೆಯಲ್ಲಿ. ಬೆಟಾಲಿಯನ್ನಿನ ದಂಡನಾಯಕ ರೂತ್ ಅಂದೇ ಸತ್ತರು. ಹಡಗಿನಲ್ಲಿ ಉಳಿದವರು ಇಳಿದದ್ದು ಕತ್ತಲಾದ ಮೇಲೆ.

ತಿಂಗಳೊಳಗೇ, ಮೇ 24ರಂದು, ಬೆಲ್ಜಿಯಂನ ಈಪ್ರ್ ಬಳಿಯ ಮೌಸ್ ಟ್ರ್ಯಾಪ್ ಫಾರ್ಮ್‌ನಲ್ಲಿ ಕ್ಲೋರಿನ್ ಅನಿಲಕ್ಕೆ ಸಿಕ್ಕ 2ನೇ ಬೆಟಾಲಿಯನ್ನಿನ 666 ಜನರಲ್ಲಿ ಕೊನೆಗೆ ನಿಂತವರು 21.

ಒಂದು ತೊಡಕು ನೆನಪಿರಲಿ. ಗಲಿಪೊಲಿಯಲ್ಲಿ ಅಳಿದುಳಿದ ಡಬ್ಲಿನ್ನರನ್ನೂ ಮನ್‌ಸ್ಟರ್‌ನವರನ್ನೂ 1915ರ ಏಪ್ರಿಲ್ 30ರಿಂದ ಮೇ 19ರವರೆಗೆ ಒಂದೇ ಪಡೆಯಾಗಿ ನಡೆಸಿದರು. ಜನರು ‘ಡಬ್‌ಸ್ಟರ್ಸ್’ ಎಂದರು. ಆ ಮೂರು ವಾರಗಳಿಗೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಡಬ್ಲ್ಯೂಒ 95 ಸರಣಿಯಲ್ಲಿರುವ ಡಬ್ಲಿನ್, ಮನ್‌ಸ್ಟರ್ ಎರಡೂ ಬೆಟಾಲಿಯನ್‌ಗಳ ಯುದ್ಧದಿನಚರಿಯನ್ನು ಎದುರುಬದುರು ಇಟ್ಟು ಓದಬೇಕು.