ಟೂಲ್ ಜೊತೆಗೇ ಬಂತು, ವಿವರಣೆ ಬರಲಿಲ್ಲ

ಜಾವಾದಲ್ಲಿ ಕೆಲಸ ಮಾಡುವವರು ಒಮ್ಮೆ ಜೆಡಿಕೆಯ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಟೂಲ್‌ಗಳ ಕಟ್ಟು) ಬಿನ್ ಫೋಲ್ಡರ್ ತೆರೆದು ನೋಡಿ. ದಿನಾ ಕೈಗೆ ಬರುವುದು ಜಾವಾ ಮತ್ತು ಜಾವಾಸಿ ಎರಡೇ. ಪಕ್ಕದಲ್ಲೇ ಜೆಪಿಎಸ್, ಜೆಸ್ಟ್ಯಾಕ್, ಜೆಮ್ಯಾಪ್, ಜೆಸ್ಟ್ಯಾಟ್, ಜೆಸಿಎಂಡಿ ಅಂತ, ಓಡುತ್ತಿರುವ ಪ್ರೋಗ್ರಾಂನ ಒಳಗೆ ಇಣುಕಿ ನೋಡುವ ಟೂಲ್‌ಗಳ ಒಂದು ಸಾಲೇ ಇದೆ. ಎಲ್ಲವೂ ಪುಕ್ಕಟೆ. ಬೇರೆ ಇನ್‌ಸ್ಟಾಲ್ ಮಾಡುವ ಕೆಲಸವೂ ಇಲ್ಲ. ಆದರೂ ವರ್ಷಗಟ್ಟಲೆ ಜಾವಾ ಬರೆದವರನ್ನು ಕೇಳಿದರೆ ಎಷ್ಟೋ ಜನ "ಇದೆ ಅಂತ ಗೊತ್ತು, ಮುಟ್ಟಿಲ್ಲ" ಅನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಯಾವ ಹೊತ್ತಿನಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಬರೆದದ್ದು ಏನೂ ಇಲ್ಲ ಅಂತಲ್ಲ. ಆಪ್ಷನ್‌ಗಳ ಪಟ್ಟಿ ಇದೆ. ಆದರೆ ಸರ್ವರ್ ನಿಂತುಹೋದಾಗ ಆಪ್ಷನ್‌ಗಳ ಪಟ್ಟಿ ಇಟ್ಟುಕೊಂಡು ಏನು ಮಾಡುವುದು? ಮೊದಲು ಏನು ಓಡಿಸಬೇಕು, ಬಂದದ್ದರಲ್ಲಿ ಎಲ್ಲಿ ಕಣ್ಣಿಡಬೇಕು, ಆಮೇಲೆ ಏನು, ಅದು ಬೇಕು.

ಮೆಮೊರಿ ಬಳಕೆ ತೋರಿಸುವ ಜೆಸ್ಟ್ಯಾಟ್ ನೋಡಿ. ಅದಕ್ಕೆ ಜಿಸಿಯುಟಿಲ್ ಆಪ್ಷನ್, ಪ್ರೊಸೆಸ್ ನಂಬರ್, ಕೊನೆಗೆ 1000 ಕೊಟ್ಟರೆ ಸೆಕೆಂಡಿಗೊಂದು ಸಾಲು ಬರುತ್ತದೆ. ಮೇಲೆ ಇ, ಒ, ವೈಜಿಸಿ, ಎಫ್‌ಜಿಸಿ ಅಂತ ಬರೀ ಅಕ್ಷರಗಳು. ಒ ಅಂದರೆ ಓಲ್ಡ್ ಜನರೇಷನ್ (ಬಹಳ ಹೊತ್ತು ಉಳಿದ ಡೇಟಾ ಇರುವ ಮೆಮೊರಿ ಭಾಗ) ಎಷ್ಟು ಶೇಕಡಾ ತುಂಬಿದೆ ಅನ್ನುವುದು ಅದರ ಕೈಪಿಡಿ ಪುಟವಾದ ಮ್ಯಾನ್ ಪೇಜ್‌ನಲ್ಲಿ ಸಿಗುತ್ತದೆ. ಆದರೆ ಒ 100ರ ಹತ್ತಿರವೇ ಅಂಟಿಕೊಂಡು, ಎಫ್‌ಜಿಸಿ (ಪೂರ್ತಿ ಜಿಸಿ, ಅಂದರೆ ಬೇಡದ ಮೆಮೊರಿ ತೆರವು ಮಾಡುವ ಕೆಲಸ, ಎಷ್ಟು ಸಲ ನಡೆಯಿತು ಅನ್ನುವ ಲೆಕ್ಕ) ಏರುತ್ತಲೇ ಇದ್ದರೆ ಮೆಮೊರಿ ಸಾಲುತ್ತಿಲ್ಲ ಅಥವಾ ಎಲ್ಲೋ ಸೋರುತ್ತಿದೆ ಅನ್ನುವ ಒಂದು ಮಾತಿಗಾಗಿ ಬೇರೆ ಕಡೆ ಹುಡುಕಬೇಕು. ಸಾಲದ್ದಕ್ಕೆ ಇದು ಪ್ರಯೋಗದ ಹಂತದ್ದು, ಬೆಂಬಲ ಇಲ್ಲ ಅಂತ ಎಚ್ಚರಿಕೆ ಬೇರೆ. ಹೊಸಬರು ಅದನ್ನು ಓದಿ ಅಲ್ಲಿಂದಲೇ ವಾಪಸ್ ಬರುತ್ತಾರೆ.

ಜೆಸ್ಟ್ಯಾಕ್ ಕೂಡ ಹಾಗೇ. ಎರಡು ಥ್ರೆಡ್ (ಪ್ರೋಗ್ರಾಂನೊಳಗೆ ಒಟ್ಟಿಗೇ ನಡೆಯುವ ಕೆಲಸದ ಎಳೆಗಳು) ಒಂದಕ್ಕೊಂದು ಕಾದು ಕೂತಿದ್ದರೆ, ಅದೇ ಕಂಡುಹಿಡಿದು ಹೇಳುತ್ತದೆ. ಯಾವ ಥ್ರೆಡ್ ಯಾವ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಸಿಗುವ ಬೀಗ) ಹಿಡಿದಿದೆ, ಯಾವುದಕ್ಕೆ ಕಾಯುತ್ತಿದೆ, ಎಲ್ಲಾ ಹೆಸರು ಸಮೇತ. ಆದರೆ ಅದು ಬರುವುದು ಉದ್ದನೆಯ ಔಟ್‌ಪುಟ್‌ನ ಕೊನೆಯಲ್ಲಿ. ಮೊದಲು ಕೆಳಗೆ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಕೆಲವು ಸೆಕೆಂಡ್ ಬಿಟ್ಟು ಇನ್ನೊಮ್ಮೆ ತೆಗೆದು ಎರಡನ್ನೂ ಹೋಲಿಸಿ. ಎರಡರಲ್ಲೂ ಅದೇ ಸಾಲಿನಲ್ಲಿ ನಿಂತಿರುವ ಥ್ರೆಡ್ ಮೇಲೆ ಅನುಮಾನ ಪಡಿ. ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದ ಸೀಟಿನ ಹಿರಿಯರೊಬ್ಬರು, ಯಾವ ಕೈಪಿಡಿಯೂ ಅಲ್ಲ.

ಎಲ್ಲದರಲ್ಲೂ ನನಗೆ ಇಷ್ಟ ಜೆಸಿಎಂಡಿ. ಜೆಡಿಕೆ 7ರ ಕಾಲದಲ್ಲಿ ಬಂತು. ಸುಮ್ನೆ ಅದರ ಹೆಸರು ಟೈಪ್ ಮಾಡಿದರೆ ಓಡುತ್ತಿರುವ ಜಾವಾ ಪ್ರೋಗ್ರಾಂಗಳ ಪಟ್ಟಿ, ಪ್ರೊಸೆಸ್ ನಂಬರ್ ಜೊತೆ ಬರುತ್ತದೆ. ಆ ನಂಬರ್ ಕೊಟ್ಟು ಹೆಲ್ಪ್ ಅಂದರೆ ಆ ಪ್ರೋಗ್ರಾಂನಿಂದ ಏನೇನು ಕೇಳಬಹುದು ಅಂತ ತೋರಿಸುತ್ತದೆ. ಒಂದೊಂದು ಕಮಾಂಡಿನ ಹೆಲ್ಪ್‌ನಲ್ಲೂ 'ಇಂಪ್ಯಾಕ್ಟ್' ಅಂತ ಒಂದು ಸಾಲಿದೆ, ಓಡುತ್ತಿರುವ ಪ್ರೋಗ್ರಾಂಗೆ ಎಷ್ಟು ಹೊರೆ ಅಂತ ಹೇಳುತ್ತದೆ. ಥ್ರೆಡ್ ಪ್ರಿಂಟ್‌ಗೆ ಮೀಡಿಯಂ, ಥ್ರೆಡ್ ಜಾಸ್ತಿ ಇದ್ದಷ್ಟೂ ಭಾರ. ಹೀಪ್ ಡಂಪ್‌ಗೆ (ಪ್ರೋಗ್ರಾಂನ ಮೆಮೊರಿಯನ್ನು ಫೈಲಿಗೆ ಇಳಿಸುವುದು) ಹೈ, ಯಾಕೆಂದರೆ ಮೊದಲು ಪೂರ್ತಿ ಜಿಸಿ ನಡೆಯುತ್ತದೆ. ಲೈವ್ ಸರ್ವರ್ ಮೇಲೆ ಕೈಯಿಡುವ ಮುಂಚೆ ತಿಳಿಯಬೇಕಾದದ್ದು ಇದೇ ಅಲ್ವಾ? ಈ ಸಾಲು ಬರೆದವರಿಗೆ ಬಳಸುವವರ ಸ್ಥಿತಿ ಗೊತ್ತಿತ್ತು.

ಅದೇ ಹೀಪ್ ಡಂಪ್‌ನ ಹೆಲ್ಪ್‌ನಲ್ಲಿ ಫೈಲ್‌ನೇಮ್ ಅನ್ನುವುದರ ಮುಂದೆ ಬರೆದಿರುವುದು 'ಡಂಪ್ ಫೈಲಿನ ಹೆಸರು' ಅಂತ. ಬರೀ ಹೆಸರು ಕೊಟ್ಟರೆ ಫೈಲ್ ನಾವಿರುವ ಫೋಲ್ಡರ್‌ಗೆ ಬರುವುದಿಲ್ಲ. ಅದನ್ನು ಬರೆಯುವುದು ಸರ್ವರ್ ಪ್ರೋಗ್ರಾಂ. ಹಾಗಾಗಿ ಅದು ಓಡುತ್ತಿರುವ ಫೋಲ್ಡರ್‌ಗೆ ಹೋಗುತ್ತದೆ. ಫೈಲ್ ಆಯಿತು ಅಂತ ಟರ್ಮಿನಲ್ ಹೇಳುತ್ತದೆ, ಎದುರಿಗೆ ಫೈಲ್ ಇಲ್ಲ. ಯಾವಾಗಲೂ ಪೂರ್ತಿ ಪಾತ್ ಕೊಡಿ. ಆ ಪ್ರೋಗ್ರಾಂ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದೇ ಯೂಸರ್ ಆಗಿ ಓಡಿಸಿ. ಇನ್ನೊಂದು ಮುಖ್ಯ ಮಾತು: ಡಂಪ್‌ನಲ್ಲಿ ಮೆಮೊರಿಯಲ್ಲಿದ್ದದ್ದು ಇದ್ದ ಹಾಗೇ ಬರುತ್ತದೆ, ಪಾಸ್‌ವರ್ಡ್ ಕೂಡ ಇರಬಹುದು. ಯಾರಿಗೋ ಕಳಿಸುವ ಮುಂಚೆ ಯೋಚಿಸಿ.

ಕಲಿತದ್ದು ಹಳತಾಗುವ ಕಷ್ಟವೂ ಇದೆ. ಜೆಡಿಕೆ 9ರಲ್ಲಿ, ಹೀಪ್ ಡಂಪ್ ಓದಲು ಇದ್ದ ಜೆಹ್ಯಾಟ್ ತೆಗೆದರು. ಪ್ರೋಗ್ರಾಂನ ಸ್ಥಿತಿಯನ್ನು ಚಿತ್ರವಾಗಿ ತೋರಿಸುವ ವಿಷುವಲ್‌ವಿಎಂ ಕೂಡ ಜೆಡಿಕೆಯಿಂದ ಹೊರಗೆ ಹೋಯಿತು, ಈಗ ಬೇರೆಯಾಗಿ ಡೌನ್‌ಲೋಡ್ ಮಾಡಬೇಕು. ಹಳೆಯ ಲೇಖನಗಳು ಮಾತ್ರ ಇವತ್ತಿಗೂ ಬಿನ್ ಫೋಲ್ಡರ್ ಕಡೆಗೇ ಕೈ ತೋರಿಸುತ್ತವೆ.

ಪೈಥಾನ್‌ನವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಜೇಸನ್ ಫೈಲನ್ನು ಓದುವ ಹಾಗೆ ಜೋಡಿಸುವುದು, ಫೋಲ್ಡರನ್ನು ಬ್ರೌಸರ್‌ಗೆ ತೋರಿಸುವುದು, ಕೋಡ್ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆಯುವುದು, ಇವೆಲ್ಲಾ ಪೈಥಾನ್ ಜೊತೆಗೇ ಬರುತ್ತವೆ. ಹೀಗೆ ಟರ್ಮಿನಲ್‌ನಿಂದ ಓಡಿಸಬಹುದಾದ ಮಾಡ್ಯೂಲ್‌ಗಳನ್ನೆಲ್ಲ ಸೇರಿಸಿ ಅವರ ಡಾಕ್ಯುಮೆಂಟೇಷನ್‌ನಲ್ಲಿ ಈಗ ಒಂದು ಪುಟವೇ ಇದೆ. ಬರೀ ಹೆಸರು ಮತ್ತು ಲಿಂಕ್. ಅಷ್ಟಾದರೂ ಏನೇನು ಇದೆ ಅಂತ ತಿಳಿಯುತ್ತದಲ್ಲ.

ಜೆಡಿಕೆಯ ಮುಕ್ತ ಕೋಡ್ ಇರುವ ಓಪನ್‌ಜೆಡಿಕೆಯಲ್ಲೂ ಮ್ಯಾನ್ ಪೇಜ್‌ಗಳ ಮೂಲ ಈಗ ಮಾರ್ಕ್‌ಡೌನ್ ಅನ್ನುವ ಸರಳ ಬರಹದ ರೂಪದಲ್ಲೇ ಇದೆ, ಕೋಡ್‌ನ ಜೊತೆಗೇ. ತಿದ್ದುವುದು ಮೊದಲಿಗಿಂತ ಸುಲಭ. ಹೀಪ್ ಡಂಪ್ ಎಲ್ಲಿಗೆ ಹೋಗುತ್ತದೆ ಅನ್ನುವ ಆ ಒಂದು ಸಾಲನ್ನು ಬರೆದಿಟ್ಟಿದ್ದೇನೆ, ಈ ವಾರ ಕಳಿಸುತ್ತೇನೆ. ಜೆಸ್ಟ್ಯಾಟ್‌ಗೆ ಒಂದು ಉದಾಹರಣೆ ಬರೆಯಲು ಯಾರಾದರೂ ಕೈಜೋಡಿಸಿದರೆ ತುಂಬಾ ಖುಷಿ.