ಚಪ್ಪಟೆ ಹಾಳೆಯೊಳಗಿನ ಬಾಗು

ನೀರು ಅಥವಾ ಬಿಸಿ ತಾಗಿದೊಡನೆ ಚಪ್ಪಟೆ ಹಾಳೆಯೊಂದು ತಾನಾಗಿಯೇ ಗುಮ್ಮಟವಾಗಿ ಏಳುವ ವಿನ್ಯಾಸಗಳ ಬಗ್ಗೆ ಓದುತ್ತಾ ಇಂದಿನ ಸಂಜೆ ಕಳೆಯಿತು. ಕಾಗದವನ್ನು ಕೊಳವೆಯಾಗಿಯೋ ಶಂಕುವಾಗಿಯೋ ಸುತ್ತಬಹುದು. ಆದರೆ ಹಿಗ್ಗಿಸದೆ, ಸುಕ್ಕುಗಟ್ಟಿಸದೆ ಅದನ್ನು ಚೆಂಡಿನ ಮೈಗೆ ಹೊದಿಸಲಾಗದು ಎಂಬುದು ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದಲೇ ಹೊರಡುತ್ತದೆ. ಆದ್ದರಿಂದ ಹಾಳೆಯ ಯಾವ ಭಾಗ ಎಷ್ಟು ಹಿಗ್ಗಬೇಕು ಎಂಬುದನ್ನು ಮೊದಲೇ ನಿಗದಿಪಡಿಸುವುದೇ ಇಲ್ಲಿನ ಮುಖ್ಯ ಕೆಲಸ. ನೀರು ಹೀರುವ ಜೆಲ್ ಹಾಳೆಯ ನಡುಭಾಗ ಅಂಚಿಗಿಂತ ಹೆಚ್ಚು ಉಬ್ಬಿದರೆ ಅದು ಗುಮ್ಮಟವಾಗುತ್ತದೆ. ಅಂಚೇ ಹೆಚ್ಚು ಉಬ್ಬಿದರೆ, ಹೆಚ್ಚಿದ ಉದ್ದಕ್ಕೆ ಸಮತಲದಲ್ಲಿ ಜಾಗ ಸಾಲದೆ, ಲೆಟ್ಯೂಸ್ ಎಲೆಯ ಅಂಚಿನಂತೆ ಅಲೆಯಲೆಯಾಗಿ ನೆರಿಗೆಗಟ್ಟುತ್ತದೆ. ನನ್ನನ್ನು ಹೆಚ್ಚು ಸೆಳೆದದ್ದು ಇದರ ಹಿಮ್ಮುಖ ಪ್ರಶ್ನೆ: ಬೇಕಾದ ಆಕಾರವನ್ನು, ಅದು ಮನುಷ್ಯನ ಮುಖವೇ ಆಗಿರಲಿ, ಮುಂದಿಟ್ಟುಕೊಂಡು ಪ್ರತಿ ಬಿಂದುವಿನ ಹಿಗ್ಗನ್ನು ಲೆಕ್ಕ ಹಾಕುತ್ತಾ ಚಪ್ಪಟೆ ಸ್ಥಿತಿಗೆ ಹಿಂದಿರುಗುವುದು. ಆ ಲೆಕ್ಕ ಸರಿಯಾಗಿದ್ದರೂ ಸಾಲದು, ಏಕೆಂದರೆ ಅದೇ ಗುಮ್ಮಟ ಮೇಲಕ್ಕೂ ಏಳಬಹುದು, ಕೆಳಕ್ಕೂ ಇಳಿಯಬಹುದು. ದಿಕ್ಕನ್ನು ಖಚಿತಪಡಿಸಲು ಹಾಳೆಯ ಮೇಲ್ಮೈ ಮತ್ತು ಕೆಳಮೈಗಳ ಹಿಗ್ಗಿನಲ್ಲಿ ಸಣ್ಣದೊಂದು ವ್ಯತ್ಯಾಸವನ್ನೂ ಸೇರಿಸಬೇಕಾಗುತ್ತದೆ.