‘ಲ್ಯಾಂಪ್ ಒಂದು ಹಾಕಿದ್ರ ಆತ್ರಿ’: ಹಳೇ ಪ್ರೊಜೆಕ್ಷನ್ ಟಿವಿ ಕೊಳ್ಳುವ ಮೊದಲು

ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಮನೆ ಖಾಲಿ ಮಾಡುವಾಗ ಅಪರೂಪಕ್ಕೆ ಅರವತ್ತು ಇಂಚಿನ ದೊಡ್ಡ ಪೆಟ್ಟಿಗೆ ಟಿವಿ ಮಾರಾಟಕ್ಕೆ ಬರುತ್ತದೆ. ಇದೇ ಪ್ರೊಜೆಕ್ಷನ್ ಟಿವಿ, ಪೆಟ್ಟಿಗೆಯೊಳಗೆ ಮೂಡಿದ ಚಿತ್ರವನ್ನು ಕನ್ನಡಿಯ ಮೂಲಕ ಪರದೆಯ ಹಿಂದಿನಿಂದ ಬೀಳಿಸುವಂಥದ್ದು. ಬೆಲೆ ಕೇಳಿದರೆ ಕಿವಿ ನಿಮಿರುತ್ತದೆ. ‘ಚಾಲೂ ಐತ್ರಿ, ಲ್ಯಾಂಪ್ ಒಂದು ಹಾಕಿದ್ರ ಆತ್ರಿ’ ಅನ್ನುತ್ತಾರೆ. ಈ ಒಂದು ಮಾತಿಗೆ ಮಾತ್ರ ಮರುಳಾಗಬೇಡಿ. ಚಿತ್ರ ಮೂಡಿರುವುದನ್ನು ಕಣ್ಣಾರೆ ನೋಡದೆ ಪ್ರೊಜೆಕ್ಷನ್ ಟಿವಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಯಾಕೆ ಅಂದರೆ, ಲ್ಯಾಂಪ್ ಹೊತ್ತದಿರಲು ಲ್ಯಾಂಪೇ ಕಾರಣ ಆಗಬೇಕೆಂದಿಲ್ಲ. ಅದಕ್ಕೆ ಕರೆಂಟ್ ಕೊಡುವ ಬ್ಯಾಲಸ್ಟ್ ಸುಟ್ಟಿರಬಹುದು. ಫ್ಯಾನ್ ನಿಂತಿರಬಹುದು. ಲ್ಯಾಂಪಿನ ಬಾಗಿಲು ಸರಿಯಾಗಿ ಕೂರದೆ ಅದರ ಸ್ವಿಚ್ ಒತ್ತದಿರಬಹುದು. ಡಿಎಲ್‌ಪಿ ಸೆಟ್ (ಪುಟ್ಟ ಕನ್ನಡಿಗಳಿಂದ ಚಿತ್ರ ಕಟ್ಟುವ ಜಾತಿ) ಆಗಿದ್ದರೆ ಲ್ಯಾಂಪಿನ ಬಿಳಿ ಬೆಳಕಿಗೆ ಬಣ್ಣ ಕೊಡುವ ಚಕ್ರ ತಿರುಗದೆ, ಟಿವಿ ತಾನೇ ಲ್ಯಾಂಪ್ ಹೊತ್ತಿಸಲು ನಿರಾಕರಿಸುತ್ತಿರಬಹುದು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ: ಟಕ್ ಟಕ್ ಸದ್ದು, ಮುಂದೆ ಮಿಣುಕುವ ಕೆಂಪು ದೀಪ, ಪರದೆ ಕಪ್ಪು. ಲ್ಯಾಂಪ್ ತರಿಸಿ ಹಾಕಿದ ಮೇಲೂ ಹಾಗೇ ಇದ್ದರೆ ಲ್ಯಾಂಪಿನ ದುಡ್ಡೂ ಹೋಯಿತು.

ಈ ಟಿವಿಗಳ ವಯಸ್ಸನ್ನೂ ಲೆಕ್ಕ ಹಾಕಿ. ಸೋನಿ 2007ರ ಕೊನೆಗೆ ಇವನ್ನು ಕೈಬಿಡುವುದಾಗಿ ಹೇಳಿತು. ಕೊನೆಯವರೆಗೆ ಉಳಿದಿದ್ದ ಮಿತ್ಸುಬಿಷಿ 2012ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಅಂದರೆ ಎಷ್ಟೇ ‘ಹೊಸದು’ ಅಂದರೂ ಸೆಟ್ಟಿಗೆ ಹತ್ತು ವರ್ಷ ದಾಟಿದೆ, ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಸೆಟ್ಟಿನಿಂದ ಕಿತ್ತದ್ದೇ ಗತಿ.

ಮೊದಲು ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಪೆಟ್ಟಿಗೆಯ ಆಳ ಎರಡು ಅಡಿ ದಾಟಿ, ನಾಲ್ಕು ಜನ ಹಿಡಿದರೂ ಅಲುಗದಿದ್ದರೆ ಅದು ಮೂರು ಟ್ಯೂಬಿನದು. ಕೆಂಪು, ಹಸಿರು, ನೀಲಿಗೆ ಒಂದೊಂದು ಪುಟ್ಟ ಪಿಕ್ಚರ್ ಟ್ಯೂಬ್, ಮೂರೂ ಚಿತ್ರ ಪರದೆಯ ಮೇಲೆ ಒಂದಕ್ಕೊಂದು ಕೂಡಬೇಕು. ದೊಡ್ಡ ಸೆಟ್‌ಗಳ ತೂಕ ನೂರು ಕಿಲೋ ದಾಟುತ್ತದೆ. ಲ್ಯಾಂಪ್ ಬದಲಿಸುವ ಕಾಟ ಇದಕ್ಕಿಲ್ಲ, ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಆದರೆ ಮೂರು ಬಣ್ಣ ಕೂಡಿಸುವ ಐಸಿಗಳು ಸುಟ್ಟರೆ ಬಿಳಿ ಅಕ್ಷರದ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ ಅಂಚು ಕಾಣುತ್ತದೆ, ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಮೆನುವಿನ ಕನ್ವರ್ಜೆನ್ಸ್ (ಮೂರು ಬಣ್ಣ ಕೂಡಿಸುವ) ಹೊಂದಾಣಿಕೆಯಿಂದ ಸಣ್ಣ ತಪ್ಪು ಸರಿಹೋಗುತ್ತದೆ, ಬಾಗಿದ ಗೆರೆ ಹೋಗುವುದಿಲ್ಲ. ಟ್ಯೂಬಿನ ಮುಂದಿರುವ ತಂಪು ದ್ರವ ಮಬ್ಬಾದರೆ ಬೆಳಕಿನ ಸುತ್ತ ಮಂಜಿನ ಹಾಗೆ ಪ್ರಭೆ. ವರ್ಷಗಟ್ಟಲೆ ಒಂದೇ ಸುದ್ದಿ ಚಾನೆಲ್ ಓಡಿದ್ದರೆ ಅದರ ಲೋಗೋ ಟ್ಯೂಬಿನ ಮೇಲೆ ಅಚ್ಚೊತ್ತಿರುತ್ತದೆ, ಅದು ಅಳಿಸುವಂಥದ್ದಲ್ಲ. ಈ ಜಾತಿಯನ್ನು ಹವ್ಯಾಸಿಗಳಿಗೆ ಬಿಡುವುದು ಲೇಸು.

ಆಳ ಒಂದೂವರೆ ಅಡಿಯ ಆಸುಪಾಸು ಇದ್ದರೆ ಡಿಎಲ್‌ಪಿ ಅಥವಾ ಎಲ್‌ಸಿಡಿ ಪ್ರೊಜೆಕ್ಷನ್. ಡಿಎಲ್‌ಪಿಯಲ್ಲಿ ಉಗುರಿನಷ್ಟು ಚಿಪ್‌ನ ಮೇಲೆ ಲಕ್ಷಗಟ್ಟಲೆ ಕನ್ನಡಿಗಳು ಆ ಕಡೆ ಈ ಕಡೆ ವಾಲುತ್ತಾ ಚಿತ್ರ ಕಟ್ಟುತ್ತವೆ. ಕೆಲವು ಕನ್ನಡಿ ಹೊರಳದೆ ಅಂಟಿಕೊಂಡರೆ ಕಪ್ಪು ದೃಶ್ಯದಲ್ಲಿ ಬಿಳಿ ಚುಕ್ಕೆಗಳು ಮೂಡುತ್ತವೆ, ಅವು ಚಿತ್ರ ಬದಲಾದರೂ ಜಾಗ ಬಿಡುವುದಿಲ್ಲ. ಇಂದು ಹತ್ತು ಚುಕ್ಕೆ ಇದ್ದದ್ದು ಮುಂದೆ ನೂರಾಗುವುದೇ ಹೆಚ್ಚು. ಚಿಪ್ ಬದಲಿಸದೆ ಬೇರೆ ದಾರಿಯಿಲ್ಲ. ಕಿವಿಗೊಟ್ಟು ಕೇಳಿದಾಗ ತೆಳುವಾದ ಕೀರಲು ಸದ್ದು ಬಂದರೆ ಬಣ್ಣದ ಚಕ್ರದ ಬೇರಿಂಗ್ ಒಣಗುತ್ತಿದೆ. ಆ ಚಕ್ರ ಕೆಲವು ಸೆಟ್‌ಗಳಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಒಣಗಿದ ಮೇಲೆ ಬಹಳ ದಿನ ಬಾಳುವುದಿಲ್ಲ. ಎಲ್‌ಸಿಡಿ ಪ್ರೊಜೆಕ್ಷನ್ನಿನ ರೋಗ ಬೇರೆ: ಲ್ಯಾಂಪಿನ ಕಾವಿಗೆ ನೀಲಿ ಬಣ್ಣದ ಪೋಲರೈಸರ್ (ಬೆಳಕು ಸೋಸುವ ತೆಳು ಹಾಳೆ) ಸುಟ್ಟು ಬಿಳಿ ಪರದೆಯಲ್ಲಿ ಹಳದಿ ಕಲೆ ಹರಡುತ್ತದೆ.

ನೋಡಲು ಹೋಗುವಾಗ ಪೆನ್‌ಡ್ರೈವ್ ನಂಬಬೇಡಿ, ಆ ಕಾಲದ ಎಷ್ಟೋ ಸೆಟ್‌ಗಳಲ್ಲಿ ಯುಎಸ್‌ಬಿ ಇಲ್ಲ. ಎಚ್‌ಡಿಎಂಐ ತಂತಿ ಮತ್ತು ಲ್ಯಾಪ್‌ಟಾಪ್ ಒಯ್ಯಿರಿ. ಪೂರಾ ಬಿಳಿ, ಪೂರಾ ಕಪ್ಪು, ಕೆಂಪು, ಹಸಿರು, ನೀಲಿ, ಬೂದು, ಹೀಗೆ ಆರು ಚಿತ್ರ ಮೊದಲೇ ಮಾಡಿಟ್ಟುಕೊಳ್ಳಿ. ‘ಈಗಷ್ಟೇ ಹಚ್ಚಿಟ್ಟೇನ್ರಿ’ ಅಂದರೆ ಆರಿಸಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿಸಿ. ತಣ್ಣಗಿರುವ ಸೆಟ್ ಮೊದಲ ಸಲಕ್ಕೇ ಹೊತ್ತಬೇಕು. ಹೊತ್ತಿದ ಮೇಲೆ ಪೂರ್ತಿ ಒಂದು ತಾಸು ಓಡಲಿ, ಫ್ಯಾನ್ ದೋಷ, ಕಾವಿಗೆ ಆರಿಹೋಗುವ ದೋಷ ಅರ್ಧ ತಾಸಿನ ಮೇಲೆಯೇ ಹೊರಬೀಳುವುದು. ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ಮೆನುವಿನಲ್ಲೋ ಮೆಕ್ಯಾನಿಕ್ಕುಗಳು ಬಳಸುವ ಸರ್ವಿಸ್ ಮೆನುವಿನಲ್ಲೋ ಸಿಗುತ್ತದೆ, ಆದರೆ ಅದನ್ನು ಸೊನ್ನೆಗೆ ತರುವುದು ಸುಲಭ, ಪ್ರಮಾಣ ಅಂದುಕೊಳ್ಳಬೇಡಿ. ಲ್ಯಾಂಪಿನ ಆಯುಸ್ಸು ಸಾಮಾನ್ಯವಾಗಿ 3,000ದಿಂದ 6,000 ಗಂಟೆ. ದಿನಕ್ಕೆ ಐದು ತಾಸು ನೋಡುವ ಮನೆಯಲ್ಲಿ ಇಪ್ಪತ್ತು ತಿಂಗಳಿಂದ ನಲವತ್ತು ತಿಂಗಳ ಆಟ.

ಈಗ ಜಮಖಾನೆಯ ಮೇಲೆ ಕೂತು ನೋಡಿ. ತಮಾಷೆಯಲ್ಲ. ಈ ಪರದೆಗಳು ಬೆಳಕನ್ನು ಅಡ್ಡಡ್ಡ ಹರಡುತ್ತವೆ, ಮೇಲೆ ಕೆಳಗೆ ಕಡಿಮೆ. ಸೋಫಾದ ಮೇಲಿದ್ದವರಿಗೆ ಝಗಮಗ ಕಂಡದ್ದು ಪಡಸಾಲೆಯಲ್ಲಿ ನೆಲಕ್ಕೆ ಕೂತ ಹುಡುಗರಿಗೆ ಮಂಕು, ಬಾಗಿಲಲ್ಲಿ ನಿಂತವರಿಗೆ ಇನ್ನೂ ಮಂಕು. ಪರದೆಯ ನಡುಭಾಗ ಹೆಚ್ಚು ಜನ ಕೂರುವ ಕಣ್ಣಿನ ಎತ್ತರಕ್ಕೆ ಬರಬೇಕು.

ಅಮೆರಿಕದಿಂದ ಬಂದವರು ತಂದ ಸೆಟ್ ಆದರೆ ಹಿಂದಿನ ಚೀಟಿ ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನೇರ ನಮ್ಮ ಪ್ಲಗ್ಗಿಗೆ ಹಾಕಿದ ದಿನವೇ ಕಥೆ ಮುಗಿಯಿತು. 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, 200 ವ್ಯಾಟ್ ಸೆಟ್ಟಿಗೆ 500 ವಿಎ ಇರಲಿ. ಇನ್ನೊಂದು ತೊಡಕು ಬಹಳ ಜನರಿಗೆ ಹೊಳೆಯುವುದೇ ಇಲ್ಲ: ನಮ್ಮ ಡಿಟಿಎಚ್ ಪೆಟ್ಟಿಗೆ ಕೊಡುವುದು 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಬದಲಾಗುವ) ಚಿತ್ರ, ಆ ಸೆಟ್‌ಗಳಲ್ಲಿ ಎಷ್ಟೋ 60 ಹರ್ಟ್ಸ್ ಮಾತ್ರ ಒಪ್ಪುತ್ತವೆ. ತಂತಿ ಸರಿಯಿದ್ದೂ ಪರದೆ ಕಪ್ಪು. ನಿಮ್ಮ ಸೆಟ್‌ಟಾಪ್ ಬಾಕ್ಸನ್ನೇ ಒಯ್ದು ಜೋಡಿಸಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಬಾಕ್ಸ್ ಒಪ್ಪದಿದ್ದರೂ 60 ಹರ್ಟ್ಸ್‌ಗೆ ಹೊಂದಿಸಿದ ಸ್ಟ್ರೀಮಿಂಗ್ ಸ್ಟಿಕ್ ನಡೆಯುತ್ತದೆ.

ಕೊಂಡದ್ದಾದರೆ ನಿಲ್ಲಿಸಿಯೇ ಸಾಗಿಸಿ. ಗದಗಿಗೆ ಅರವತ್ತು ಕಿಲೋಮೀಟರ್ ಟಾಟಾ ಏಸ್‌ನಲ್ಲಿ ಮಲಗಿಸಿ ತಂದರೆ ಒಳಗಿನ ದೊಡ್ಡ ಕನ್ನಡಿ ಅಲುಗುತ್ತದೆ, ಕುಳಿತಿದ್ದ ಧೂಳೆಲ್ಲ ಲೆನ್ಸಿನ ಮೇಲೆ ಸುರಿಯುತ್ತದೆ. ಆ ಕನ್ನಡಿಯ ಲೇಪ ಮುಂಭಾಗದಲ್ಲೇ ಇರುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಗೀರು ಶಾಶ್ವತ. ಮೃದು ಕುಂಚದಿಂದ ಹಗುರಕ್ಕೆ ಧೂಳು ಹೊಡೆಯಿರಿ, ಅಷ್ಟೇ. ಪರದೆ ಪ್ಲಾಸ್ಟಿಕ್ಕಿನದು, ಗಾಜು ಒರೆಸುವ ದ್ರವ ಬೇಡ, ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಲ್ಯಾಂಪ್ ಹಾಕುವಾಗ ಬಲ್ಬಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಕಾದ ಜಾಗದಲ್ಲೇ ಅದು ಒಡೆಯುತ್ತದೆ. ಒಳಗೆ ಪಾದರಸ ಇದೆ, ಹಳೆಯದನ್ನು ಕಸದ ಗಾಡಿಗೆ ಎಸೆಯಬೇಡಿ.

ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಫ್ಯಾನಿನ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ತಿಂಗಳಿಗೊಮ್ಮೆ ತೆಗೆಯಿರಿ, ಗೋಡೆಯಿಂದ ನಾಲ್ಕು ಇಂಚು ಬಿಡಿ. ಧೂಳಿಗಿಂತ ಕೆಟ್ಟದ್ದು ಕರೆಂಟ್ ಹೋಗುವುದು. ಟಿವಿ ಆರಿಸಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ಓಡಿ ಲ್ಯಾಂಪನ್ನು ತಣಿಸುತ್ತದೆ. ಕರೆಂಟ್ ತಟ್ಟನೆ ಹೋದರೆ ಅದು ತಪ್ಪುತ್ತದೆ, ಕ್ಷಣದಲ್ಲಿ ಮರಳಿ ಬಂದರೂ ಕಾದ ಲ್ಯಾಂಪಿನೊಳಗೆ ಒತ್ತಡ ಹೆಚ್ಚಿರುವುದರಿಂದ ಅದು ತಣಿಯುವ ತನಕ ಹೊತ್ತುವುದಿಲ್ಲ. ಕಂಪ್ಯೂಟರಿನ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, ಅದೊಂದು ಇಟ್ಟರೆ ಆರಿಸಿ ತಣಿಸಲು ಸಮಯ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಜತೆ ಹೊಂದುತ್ತದೋ ಇಲ್ಲವೋ ಮೆಕ್ಯಾನಿಕ್ಕಿಗೆ ತೋರಿಸಿ.

ಇಷ್ಟೆಲ್ಲ ಕೇಳಿ ಸಾಕಾದವರಿಗೆ ಹೊಸ 65 ಇಂಚಿನ ಎಲ್‌ಇಡಿ ಇದೆ, ಬಹಳ ಮನೆಗಳಿಗೆ ಅದೇ ಸರಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಕೂತು ನೋಡುವ ದೂರದ ಲೆಕ್ಕ ಎರಡಕ್ಕೂ ಒಂದೇ: ಪರದೆಯ ಇಂಚನ್ನು 1.2ರಿಂದ 1.6ರ ತನಕ ಗುಣಿಸಿ. 65ಕ್ಕೆ ಆರೂವರೆಯಿಂದ ಎಂಟೂಮುಕ್ಕಾಲು ಅಡಿ. ಪ್ರೊಜೆಕ್ಷನ್ ಆದರೆ ಪೆಟ್ಟಿಗೆಯ ಆಳವನ್ನು ಕೋಣೆಯ ಉದ್ದದಿಂದ ಮೊದಲೇ ಕಳೆಯಬೇಕು, ಹನ್ನೆರಡು ಅಡಿಯ ಪಡಸಾಲೆಯಲ್ಲಿ ಸುಮಾರು ಎರಡು ಅಡಿ ಅದಕ್ಕೇ ಹೋಯಿತು.

ಗದಗ, ಹಾವೇರಿ ಕಡೆಯ ಮಣ್ಣಿನ ಗೋಡೆಯ ಹಳೇ ಮನೆಯಾದರೆ ಎಲ್‌ಇಡಿಯನ್ನೂ ಗೋಡೆಗೆ ನೇತುಹಾಕಬೇಡಿ. ಗೋಡೆ ಎರಡು ಅಡಿ ದಪ್ಪ ಇದ್ದರೂ ಆ್ಯಂಕರ್ ಬೋಲ್ಟ್ ಮಣ್ಣಿನಲ್ಲಿ ಕಚ್ಚುವುದಿಲ್ಲ, ಸುಣ್ಣದ ಪದರ ಸಮೇತ ಕಿತ್ತು ಬರುತ್ತದೆ. ಬಡಗಿಯಿಂದ ಅಗಲವಾದ ಗಟ್ಟಿ ಮೇಜು ಮಾಡಿಸಿ, ಟಿವಿಯ ಎರಡೂ ಕಾಲು ಪೂರ್ತಿ ಅದರ ಮೇಲೆ ಕೂರಬೇಕು. 65 ಇಂಚಿನ ಪರದೆಯ ಅಗಲವೇ 57 ಇಂಚು, ಕೆಲವದರ ಕಾಲು ತೀರ ಅಂಚಿನಲ್ಲಿರುತ್ತವೆ, ಅಂಗಡಿಯಲ್ಲಿ ಟೇಪ್ ಹಿಡಿದು ಕಾಲಿನ ನಡುವಿನ ಅಂತರ ಅಳೆದುಕೊಂಡೇ ಬಡಗಿಗೆ ಹೇಳಿ.